ಹಳೆ ಬೈಕ್ ಐಡಲ್‌ನಲ್ಲಿ ನಿಲ್ಲುತ್ತಿಲ್ಲವೇ? ಕಾರ್ಬೊರೇಟರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ಸಿಗ್ನಲ್‌ನಲ್ಲಿ ನಿಂತಿದ್ದೀರಿ. ಆಕ್ಸಲರೇಟರ್ ಬಿಟ್ಟ ಕೂಡಲೇ ಗಾಡಿ ಎರಡು ಸಲ ಕೆಮ್ಮಿ ಆಫ್ ಆಗುತ್ತದೆ. ಇಲ್ಲವೇ ಅದರ ಉಲ್ಟಾ: ಕೈ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ, ಒಂದೇ ಸಮನೆ ಕೂಗುತ್ತಿರುತ್ತದೆ. ಹಳೆ ಬೈಕ್ ಇಟ್ಟುಕೊಂಡವರಿಗೆ ಎರಡೂ ಪರಿಚಯದ ಕಾಟವೇ. ಆಗ ಎಲ್ಲರ ಕೈ ಹೋಗುವುದು ಕಾರ್ಬೊರೇಟರ್‌ನ ಸ್ಕ್ರೂ ಕಡೆಗೆ. ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ. ಹತ್ತು ನಿಮಿಷ ಆಗುವಷ್ಟರಲ್ಲಿ ಸ್ಕ್ರೂ ಮೊದಲು ಎಲ್ಲಿತ್ತು ಅನ್ನುವುದೇ ಮರೆತುಹೋಗಿರುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಐಡಲ್ ವಿಷಯದಲ್ಲಿ ಆ ಎಮ್ಮೆಯೇ ಕಾರ್ಬೊರೇಟರ್. ನಾನೂ ಬರೆ ಹಾಕಿದವನೇ. ಒಂದು ಸಿಂಗಲ್ ಸಿಲಿಂಡರ್ ಗಾಡಿಯ ಕಾರ್ಬೊರೇಟರನ್ನು ಒಂದೇ ವಾರದಲ್ಲಿ ಮೂರು ಸಲ ಬಿಚ್ಚಿ ತೊಳೆದೆ, ಹೊಸ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಹಾಕಿದೆ, ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಬಾಗಿಲು) ಸವೆದಿದೆ ಅಂತ ತೀರ್ಮಾನವನ್ನೂ ಮಾಡಿದೆ. ಕೊನೆಗೆ ಸಿಕ್ಕಿದ್ದು ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕಡಿಯುವ ಸ್ವಿಚ್) ಕೂರುವ ಪ್ಲೇಟಿನ ಹಿಂದೆ ಕಳಚಿಕೊಂಡಿದ್ದ ಒಂದು ಸ್ಪ್ರಿಂಗ್. ಅವತ್ತಿನಿಂದ ನಾನು ಒಂದು ಕ್ರಮ ಬಿಟ್ಟು ಆಚೆ ಹೋಗುವುದಿಲ್ಲ. ಮೊದಲು ಸ್ಪಾರ್ಕ್, ಆಮೇಲೆ ಗಾಳಿ ಸೋರಿಕೆ, ಆಮೇಲೆ ಕೊಳೆ, ಆಮೇಲೆ ಸೆಟ್ಟಿಂಗ್. ಸವೆತದ ಮಾತು ಇವೆಲ್ಲ ಮುಗಿದ ಮೇಲೆ.

ಇಲ್ಲಿ ಹೇಳುವುದು ಸ್ಲೈಡ್ ಇರುವ ಕಾರ್ಬೊರೇಟರ್‌ಗಳ ಬಗ್ಗೆ. ಕೇಬಲ್ ಎಳೆದರೆ ನೇರವಾಗಿ ಸ್ಲೈಡೇ ಮೇಲೇಳುವಂಥವು. 1955ರಲ್ಲಿ ಬಂದ ಅಮಲ್ ಮಾನೋಬ್ಲಾಕ್, 1967ರಲ್ಲಿ ಅದರ ಜಾಗಕ್ಕೆ ಬಂದ ಅಮಲ್ ಕಾನ್ಸೆಂಟ್ರಿಕ್, ಜಪಾನಿನ ಮಿಕುನಿ ವಿಎಂ ಇವೆಲ್ಲ ಈ ಜಾತಿಯವು. ರಬ್ಬರ್ ಡಯಾಫ್ರಮ್ ಇರುವ ಸಿವಿ ಕಾರ್ಬೊರೇಟರ್‌ಗಳ ಕಥೆ ಬೇರೆ. ಇನ್ನೊಂದು ಮಾತು, ಒಂದೇ ಸಲ ಹೇಳಿ ಮುಗಿಸುತ್ತೇನೆ: ಪೆಟ್ರೋಲ್ ಕೆಲಸ ಗಾಳಿಯಾಡುವ ಕಡೆ ಮಾಡಿ, ಹತ್ತಿರ ಬೀಡಿ ಸಿಗರೇಟು ದೀಪ ಬೇಡ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುತ್ತಾ ಕೂರಬೇಡಿ.

ಐಡಲ್‌ನಲ್ಲಿ ಒಳಗೆ ನಡೆಯುವುದೇನು

ಆಕ್ಸಲರೇಟರ್ ಪೂರ್ತಿ ಬಿಟ್ಟಾಗ ಸ್ಲೈಡ್ ಕೆಳಗೆ ಕೂತಿರುತ್ತದೆ. ಅದರಡಿ ಒಂದು ಸಣ್ಣ ಸಂದು ಮಾತ್ರ ಉಳಿಯುತ್ತದೆ. ಮೇನ್ ಜೆಟ್ ಆಗ ನಿದ್ದೆಯಲ್ಲಿರುತ್ತದೆ. ಇಂಜಿನ್‌ಗೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ ಒಂದೇ. ಇದರ ತೂತು ಎಷ್ಟು ಚಿಕ್ಕದು ಗೊತ್ತಾ? ಫೋರ್ ಸ್ಟ್ರೋಕ್ ಗಾಡಿಗಳ ಕಾನ್ಸೆಂಟ್ರಿಕ್‌ನಲ್ಲಿ 0.016 ಇಂಚು, ಅಂದರೆ ಸುಮಾರು 0.4 ಮಿ.ಮೀ. ಒಂದು ಮರಳಿನ ಕಣ ಸಾಕು ಅದನ್ನು ಮುಚ್ಚಲು.

ಆ ಪೆಟ್ರೋಲಿಗೆ ಎಷ್ಟು ಗಾಳಿ ಬೆರೆಯಬೇಕು ಅನ್ನುವುದನ್ನು ಏರ್ ಸ್ಕ್ರೂ ನೋಡಿಕೊಳ್ಳುತ್ತದೆ. ಬೆರೆತದ್ದು ಕಾರ್ಬೊರೇಟರ್‌ನಲ್ಲಿ ಗಾಳಿ ಹೋಗುವ ಕೊಳವೆಯ ತಳದಲ್ಲಿರುವ ಎರಡು ಸೂಜಿತೂತುಗಳ ಹತ್ತಿರ ಬರುತ್ತದೆ. ಒಂದು ಸ್ಲೈಡಿನ ಇಂಜಿನ್ ಕಡೆ, ಐಡಲ್‌ಗೆ. ಇನ್ನೊಂದು ಸ್ಲೈಡಿನ ಅಂಚಿನ ಅಡಿಯಲ್ಲೇ ಇರುತ್ತದೆ, ಆಕ್ಸಲರೇಟರ್ ಸ್ವಲ್ಪ ತಿರುಗಿಸಿದಾಗ ಕೆಲಸಕ್ಕೆ ಬರುತ್ತದೆ.

ಇದರ ಅರ್ಥ ಇಷ್ಟು. ಐಡಲ್‌ನಲ್ಲಿ ಇಂಜಿನ್ ಉಸಿರಾಡುವುದು ತೀರಾ ಕಡಿಮೆ. ಅಷ್ಟು ಕಡಿಮೆ ಗಾಳಿಯ ನಡುವೆ ಬೇರೆಲ್ಲಿಂದಲಾದರೂ ಚೂರು ಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಅದೇ ಸೋರಿಕೆ 60 ಕಿ.ಮೀ. ವೇಗದಲ್ಲಿ ಗೊತ್ತೇ ಆಗುವುದಿಲ್ಲ. "ರೋಡಲ್ಲಿ ಚೆನ್ನಾಗಿ ಓಡುತ್ತೆ, ನಿಂತರೆ ಮಾತ್ರ ಸಾಯುತ್ತೆ" ಅನ್ನುವ ದೂರಿಗೆ ಕಾರಣ ಇದೇ.

ಕಿವಿಗೊಟ್ಟು ಕೇಳಿ

ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣಗಿರುವ ಇಂಜಿನ್ ಹೇಳುವುದನ್ನೆಲ್ಲ ನಂಬಬೇಡಿ. ಆಮೇಲೆ ಚೋಕ್ ಅರ್ಧ ಹಾಕಿ ನೋಡಿ. ಐಡಲ್ ಸುಧಾರಿಸಿತಾ? ಹಾಗಾದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಜಾಸ್ತಿಯಾಗಿದೆ. ಪೈಲಟ್ ಜೆಟ್ ಕಟ್ಟಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಚೋಕ್ ಹಾಕಿದ ಕೂಡಲೇ ಕೆಟ್ಟಿತಾ, ಹೊಗೆ ಕಪ್ಪಾಯಿತಾ? ಹಾಗಾದರೆ ಪೆಟ್ರೋಲ್ ಕೊರತೆ ಇಲ್ಲ, ಜಾಸ್ತಿಯೇ ಇರಬಹುದು. ಚೋಕ್ ಇಲ್ಲದ ಕಾರ್ಬೊರೇಟರ್ ಆದರೆ ಬಾಯಿಗೆ ದಪ್ಪ ರಟ್ಟಿನ ತುಂಡು ಅರ್ಧ ಅಡ್ಡ ಹಿಡಿಯಿರಿ. ಅಂಗೈ ಬೇಡ, ಕೆಲವೊಮ್ಮೆ ಇಂಜಿನ್ ಹಿಂದಕ್ಕೆ ಬೆಂಕಿ ಉಗುಳುತ್ತದೆ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆ ಅರ್ಧ ದಾರಿ ತೋರಿಸುತ್ತದೆ.

ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಐಡಲ್ ಏರಿದರೆ ಕೇಬಲ್ ಬಿಗಿಯಾಗಿದೆ ಅಥವಾ ಟ್ಯಾಂಕಿನಡಿ ಸಿಕ್ಕಿಕೊಂಡಿದೆ. ಕಾರ್ಬೊರೇಟರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಕೇಬಲ್‌ನಲ್ಲಿ ಒಂದೆರಡು ಮಿ.ಮೀ. ಸಡಿಲು ಇರಲೇಬೇಕು.

ಹೆಡ್‌ಲೈಟ್ ಹಾಕಿದಾಗ ಮಾತ್ರ ಇಂಜಿನ್ ಸಾಯುತ್ತಾ? 6 ವೋಲ್ಟಿನ ಬ್ಯಾಟರಿ-ಕಾಯಿಲ್ ಗಾಡಿಗಳಲ್ಲಿ ಇದು ಸಾಮಾನ್ಯ. ಐಡಲ್‌ನಲ್ಲಿ ಡೈನಮೋ ಕೊಡುವುದು ಅಲ್ಪ, ಲೈಟ್ ಎಳೆಯುವುದು ಜಾಸ್ತಿ. ಸುಸ್ತಾದ ಬ್ಯಾಟರಿ ಇದ್ದರೆ ಕಾಯಿಲ್‌ಗೆ ಏನೂ ಉಳಿಯುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ನೋಡಿ.

ಸ್ಪಾರ್ಕ್ ಕಡೆ

ಪ್ಲಗ್ ಬಿಚ್ಚಿ. ಹಳೆಯದಾಗಿದ್ದರೆ ಹೊಸದು ಹಾಕಿ, ಗ್ಯಾಪ್ ಮ್ಯಾನುಯಲ್‌ನಲ್ಲಿ ಇದ್ದಂತೆ ಇಡಿ. ಬಹಳಷ್ಟು ಹಳೆ ಗಾಡಿಗಳಿಗೆ ಅದು 0.5ರಿಂದ 0.65 ಮಿ.ಮೀ. ನಡುವೆ ಬರುತ್ತದೆ. ಪ್ಲಗ್ ಕ್ಯಾಪ್ ಮತ್ತು ವೈರ್ ಸೇರುವ ಕಡೆ ಸಡಿಲಿದೆಯಾ ನೋಡಿ. ಪಾಯಿಂಟ್ ಮೇಲೆ ಗುಳಿ, ಗುಡ್ಡ ಬಿದ್ದಿದ್ದರೆ ಉಜ್ಜಿ ಸಮ ಮಾಡಿ, ಅಥವಾ ಬದಲಿಸಿ. ಬ್ರಿಟಿಷ್ ಬೈಕ್‌ಗಳಲ್ಲಿ ಪಾಯಿಂಟ್ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ. ಇಂಜಿನ್ ಓಡುವಾಗ ಪಾಯಿಂಟ್ ಮಧ್ಯೆ ಚಟಪಟ ಅಂತ ದೊಡ್ಡ ಕಿಡಿ ಹಾರುತ್ತಿದ್ದರೆ ಆ ಕಿಡಿ ತಡೆಯಬೇಕಾದ ಕಂಡೆನ್ಸರ್ ಹೋಗಿದೆ ಅಂದುಕೊಳ್ಳಿ.

ಈಗ ನನ್ನ ಮಾನ ಕಳೆದ ಆ ಸ್ಪ್ರಿಂಗ್ ವಿಷಯ. ಪಾಯಿಂಟ್ ಪ್ಲೇಟಿನ ಹಿಂದೆ ಎರಡು ಸಣ್ಣ ತೂಕಗಳು, ಎರಡು ಸ್ಪ್ರಿಂಗ್‌ಗಳು ಇರುತ್ತವೆ. ವೇಗ ಹೆಚ್ಚಿದಂತೆ ತೂಕಗಳು ಹೊರಕ್ಕೆ ಹರಡಿ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಬರುವ ಹೊತ್ತನ್ನು, ಮುಂದಕ್ಕೆ ತಳ್ಳುತ್ತವೆ. ವೇಗ ಇಳಿದಾಗ ಸ್ಪ್ರಿಂಗ್ ಅವನ್ನು ವಾಪಸ್ ಎಳೆಯಬೇಕು. ಸ್ಪ್ರಿಂಗ್ ಜಗ್ಗಿದ್ದರೆ ಅಥವಾ ತೂಕ ತುಕ್ಕು ಹಿಡಿದು ಸಿಕ್ಕಿಕೊಂಡರೆ ಟೈಮಿಂಗ್ ಮುಂದೆಯೇ ಉಳಿಯುತ್ತದೆ. ಆಗ ಇಂಜಿನ್ ಕೆಳಗಿಳಿಯುವುದಿಲ್ಲ, ಒಂದೊಂದು ಸಲ ಒಂದೊಂದು ಥರ ನಿಲ್ಲುತ್ತದೆ. ಸವೆದ ಸ್ಲೈಡ್ ಕೊಡುವ ಕಾಟವೂ ಥೇಟ್ ಹೀಗೇ ಇರುತ್ತದೆ. ಆದ್ದರಿಂದಲೇ ಇದನ್ನು ಮೊದಲು ನೋಡಬೇಕು. ಪಾಯಿಂಟ್ ತೆರೆಯುವ ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಟಕ್ ಅಂತ ಹಿಂದಕ್ಕೆ ಬರಬೇಕು. ಟೈಮಿಂಗ್ ನೋಡುವ ಸ್ಟ್ರೋಬ್ ಲೈಟ್ ಇದ್ದರೆ ಇನ್ನೂ ಒಳ್ಳೆಯದು.

ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ಸ್ಪಾರ್ಕ್ ಕೊಡುವ ಯಂತ್ರ) ಇರುವ ಗಾಡಿ ತಣ್ಣಗಿದ್ದಾಗ ಸೊಗಸಾಗಿ ನಿಂತು, ಬಿಸಿಯಾದ ಮೇಲೆ ಸತ್ತು, ಆರಿದ ಮೇಲಷ್ಟೇ ಮತ್ತೆ ಹೊತ್ತಿಕೊಂಡರೆ ಅನುಮಾನ ಮ್ಯಾಗ್ನೆಟೋ ಮೇಲಿರಲಿ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಕೂಡ ಇದೇ ಹೊತ್ತಿಗೆ ನೋಡಿಬಿಡಿ. ವಾಲ್ವ್ ಬಿಗಿಯಾಗಿ ಪೂರ್ತಿ ಮುಚ್ಚದಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಐಡಲ್ ಕೂರುವುದಿಲ್ಲ.

ಗಾಳಿ ಎಲ್ಲಿಂದ ನುಗ್ಗುತ್ತಿದೆ

ಕೆಲವರು ಕಾರ್ಬ್ ಕ್ಲೀನರ್ ಎರಚಿ ಸೋರಿಕೆ ಹುಡುಕುತ್ತಾರೆ. ಬಿಸಿ ಇಂಜಿನ್ ಮೇಲೆ ಹೊತ್ತಿಕೊಳ್ಳುವ ದ್ರವ ಎರಚುವುದು ನನಗೆ ಸರಿಬರುವುದಿಲ್ಲ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಸಾಕು. ಇಂಜಿನ್ ಐಡಲ್‌ನಲ್ಲಿದ್ದಾಗ, ಕಾರ್ಬೊರೇಟರ್ ಹೆಡ್‌ಗೆ ಕೂರುವ ಜಾಗದ ಸುತ್ತ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಒಂದು ಕ್ಷಣ ಸದ್ದು ಬದಲಾಯಿತು ಅಂದರೆ ಅಲ್ಲೇ ಸೋರುತ್ತಿದೆ. ಮ್ಯಾನಿಫೋಲ್ಡ್, ರಬ್ಬರ್ ಹೋಸ್, ಅದರ ಕ್ಲಿಪ್, ಎಲ್ಲ ಕಡೆ ಹೀಗೆ ನೋಡಿ. ಪ್ಲಗ್ ಕಡೆ ಮಾತ್ರ ನೀರು ಬೇಡ.

ರಬ್ಬರ್ ಮೇಲಿಂದ ಚೆನ್ನಾಗೇ ಕಾಣುತ್ತದೆ, ಬಾಗಿಸಿದರೆ ಬಿರುಕು ಬಾಯಿ ಬಿಡುತ್ತದೆ. ಆದ್ದರಿಂದ ಬಿಚ್ಚಿ, ಬಾಗಿಸಿ ನೋಡಬೇಕು.

ಅಮಲ್ ಕಾರ್ಬೊರೇಟರ್‌ಗಳ ಹಳೆ ರೋಗ ಬಾಗಿದ ಫ್ಲೇಂಜ್, ಅಂದರೆ ಹೆಡ್‌ಗೆ ಕೂರುವ ಚಪ್ಪಟೆ ಮುಖ. ಸೋರುತ್ತಿದೆ ಅಂತ ಯಾರೋ ನಟ್ಟನ್ನು ಜೋರಾಗಿ ಬಿಗಿದಿರುತ್ತಾರೆ. ಬಾಡಿ ಮೆತ್ತನೆಯ ಜಿಂಕ್ ಮಿಶ್ರಲೋಹ. ಎರಡು ಕಿವಿಗಳು ಹೆಡ್ ಕಡೆಗೆ ಬಾಗುತ್ತವೆ, ಮಧ್ಯದಲ್ಲಿ ಸಂದು ಬೀಳುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ, ಅವರು ಇನ್ನೂ ಬಿಗಿಯುತ್ತಾರೆ. ಅತಿಯಾದರೆ ಒಳಗಿನ ಕೊಳವೆಯೂ ಮೊಟ್ಟೆಯಾಕಾರಕ್ಕೆ ತಿರುಗಿ ಸ್ಲೈಡ್ ಸಿಕ್ಕಿಕೊಳ್ಳುತ್ತದೆ. ಕಾರ್ಬೊರೇಟರ್ ಕೈಯಲ್ಲಿದ್ದಾಗ ಸ್ಲೈಡ್ ಸಲೀಸಾಗಿ ಓಡಾಡಿ, ಕೂರಿಸಿ ಬಿಗಿದ ಮೇಲೆ ತಡೆದರೆ ಇದೇ ಕಾರಣ.

ಪರೀಕ್ಷೆ ಸುಲಭ. ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ತೆಗೆದು ಫ್ಲೇಂಜ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ. ಅಡಿಯಲ್ಲಿ ಬೆಳಕು ಕಂಡರೆ ಬಾಗಿದೆ. ಸ್ವಲ್ಪವೇ ಬಾಗಿದ್ದರೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ ಸಮ ಮಾಡಬಹುದು. ಓ ರಿಂಗ್ ಕೂರುವ ತೋಡಿನ ಆಳ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ಹೊಸ ಓ ರಿಂಗ್ ಹಾಕಿ, ನಟ್ಟುಗಳನ್ನು ಎರಡೂ ಕಡೆ ಸಮನಾಗಿ, ಹಿತವಾಗಿ ಬಿಗಿಯಿರಿ. ಇಲ್ಲಿ ತಾಕತ್ತು ತೋರಿಸುವ ಅಗತ್ಯವಿಲ್ಲ.

ಕಾನ್ಸೆಂಟ್ರಿಕ್‌ನಲ್ಲಿ ಪಕ್ಕದ ಎರಡು ಸ್ಕ್ರೂಗಳಿಗೂ ಪುಟ್ಟ ಓ ರಿಂಗ್ ಇರುತ್ತದೆ. ನೇರವಾಗಿ ಅಡ್ಡ ಇರುವುದು ಏರ್ ಸ್ಕ್ರೂ, ಓರೆಯಾಗಿರುವುದು ಸ್ಲೈಡನ್ನು ಎತ್ತಿ ಹಿಡಿಯುವ ಸ್ಟಾಪ್ ಸ್ಕ್ರೂ. ಆ ರಿಂಗ್ ಇಲ್ಲದಿದ್ದರೆ ಗಾಳಿಯೂ ನುಗ್ಗುತ್ತದೆ, ನಡುಕಕ್ಕೆ ಸ್ಕ್ರೂ ತಾನೇ ತಿರುಗಿಕೊಂಡೂ ಹೋಗುತ್ತದೆ. ನಿನ್ನೆ ಸೆಟ್ ಮಾಡಿದ್ದು ಇವತ್ತು ತಪ್ಪಿದರೆ ಮೊದಲು ಅದನ್ನು ನೋಡಿ.

ಈಗ ಬಿಚ್ಚಿ ತೊಳೆಯುವ ಕೆಲಸ

ಬಿಚ್ಚುವ ಮುಂಚೆ ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಎಣಿಸಿ ಬರೆದಿಡಿ. ಮೆಲ್ಲಗೆ ಒಳಗೆ ತಿರುಗಿಸಿ, ತಾಗಿದ ಕೂಡಲೇ ನಿಲ್ಲಿಸಿ. ಒತ್ತಿ ಬಿಗಿದರೆ ಸ್ಕ್ರೂವಿನ ಚೂಪಾದ ತುದಿಯಲ್ಲಿ ಉಂಗುರದ ಗುರುತು ಬೀಳುತ್ತದೆ. ಆಮೇಲೆ ಅದು ಯಾವತ್ತೂ ನುಣ್ಣಗೆ ಸೆಟ್ ಆಗುವುದಿಲ್ಲ. ಫೋಟೋ ತೆಗೆದುಕೊಳ್ಳಿ, ಸ್ಲೈಡಿಗೆ ತೂಗಿಬಿದ್ದ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ ಯಾವ ಗೀರಿನಲ್ಲಿದೆ ಅಂತಲೂ ಬರೆಯಿರಿ.

ಬೌಲ್ (ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು) ತೆಗೆದಾಗ ಕಾಣುವುದು ಬಹಳ ಹೇಳುತ್ತದೆ. ಅಂಟಂಟಾದ ಕಂದು ಪದರ ಇದ್ದರೆ ನಿಂತು ಕೆಟ್ಟ ಪೆಟ್ರೋಲ್. ಬಿಳಿ ಪುಡಿ ಇದ್ದರೆ ಜಿಂಕ್ ಕೊರೆದಿದೆ, ನೀರು ಸೇರಿದೆ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದಕ್ಕೆ ಹಳೆಯ ಕಾಲದ ರಬ್ಬರ್ ವಾಷರ್‌ಗಳೂ ಉಬ್ಬುತ್ತವೆ. ಮೂರ್ನಾಲ್ಕು ವಾರ ಗಾಡಿ ನಿಲ್ಲಿಸುವುದಿದ್ದರೆ ಬೌಲ್ ಖಾಲಿ ಮಾಡಿ ನಿಲ್ಲಿಸಿ. ಕೆಂಪು ಪುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ಅದನ್ನು ಸರಿಮಾಡದೆ ಜೆಟ್ ತೊಳೆಯುತ್ತಾ ಕೂತರೆ ಮುಗಿಯುವ ಕೆಲಸವಲ್ಲ.

ಪೈಲಟ್ ಜೆಟ್ ಎಲ್ಲಿದೆ? ಮಿಕುನಿ ವಿಎಂನಲ್ಲಿ ಬೌಲ್ ಒಳಗಿನಿಂದ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿಕೊಳ್ಳಬಹುದು. ಮಾನೋಬ್ಲಾಕ್‌ನಲ್ಲಿ ಒಂದು ಸಣ್ಣ ಮುಚ್ಚಳ ನಟ್ಟಿನ ಹಿಂದೆ ಸಿಗುತ್ತದೆ. ಆಟ ಆಡಿಸುವುದು ಮೊದಲ ಕಾನ್ಸೆಂಟ್ರಿಕ್, ಅಂದರೆ ಮಾರ್ಕ್ 1. ಅದರಲ್ಲಿ ಸಾಮಾನ್ಯವಾಗಿ ಪೈಲಟ್ ಜೆಟ್ಟನ್ನು ಏರ್ ಸ್ಕ್ರೂವಿನ ತೂತಿನ ತಳದಲ್ಲಿ ಒತ್ತಿ ಕೂರಿಸಿರುತ್ತಾರೆ. ಹೊರಗೆ ಬರುವುದಿಲ್ಲ, ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಎಷ್ಟೋ ಜನ ಅದು ಇದೆ ಅನ್ನುವುದೇ ಗೊತ್ತಿಲ್ಲದೆ ಮಿಕ್ಕಿದ್ದನ್ನೆಲ್ಲ ತೊಳೆದು ಜೋಡಿಸುತ್ತಾರೆ. "ಕ್ಲೀನ್ ಮಾಡ್ಸಿದೀನಿ" ಅನ್ನುವ ಗಾಡಿ ಮತ್ತೆ ಐಡಲ್‌ನಲ್ಲಿ ಸಾಯುವುದಕ್ಕೆ ನಾನು ಕಂಡ ಮೊದಲ ಕಾರಣ ಇದು.

ಏರ್ ಸ್ಕ್ರೂ ತೆಗೆದು, ಆ ತೂತಿಗೆ ಕ್ಲೀನರ್‌ನ ಕೊಳವೆ ಇಟ್ಟು ಒತ್ತಿ. ಕಣ್ಣಿಗೆ ಕನ್ನಡಕ ಇರಲಿ, ದ್ರವ ಎಲ್ಲಿಂದ ಚಿಮ್ಮುತ್ತದೆ ಹೇಳಲಾಗದು. ಕೊಳವೆಯ ತಳದ ಎರಡೂ ಸೂಜಿತೂತುಗಳಿಂದ ಸಣ್ಣ ಧಾರೆ ಏಳಬೇಕು. ಏಳಲಿಲ್ಲ ಅಂದರೆ ಕಟ್ಟಿದೆ. 78ನೇ ನಂಬರಿನ ಡ್ರಿಲ್ ಬಿಟ್ ಸರಿಯಾಗಿ 0.016 ಇಂಚು ಇರುತ್ತದೆ. ಅದನ್ನು ಉದ್ದದ ಸಣ್ಣ ಕೊಳವೆಗೆ ಸಿಕ್ಕಿಸಿ, ಬೆರಳಲ್ಲಿ ತಿರುಗಿಸುತ್ತಾ ಒಳಗೆ ಬಿಡಬೇಕು. ಡ್ರಿಲ್ ಮಷೀನ್ ಹತ್ತಿರವೂ ತರಬೇಡಿ. ಅದೇ ದಪ್ಪದ ಗಿಟಾರ್ ತಂತಿಯೂ ನಡೆಯುತ್ತದೆ. ಬೇರೆ ಜೆಟ್‌ಗಳಿಗೆ ಸ್ಟೀಲ್ ತಂತಿ ಬೇಡ, ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗುತ್ತದೆ. ವೈರಿನ ಒಳಗಿನ ತಾಮ್ರದ ಎಳೆ ಅಥವಾ ನೈಲಾನ್ ಎಳೆ ಸಾಕು.

ಲಿಂಬೆರಸ, ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಫಳಫಳ ಹೊಳೆಯುತ್ತದೆ ಅನ್ನುವ ಸಲಹೆ ಕೇಳಿರಬಹುದು. ಹುಳಿ ಜಿಂಕನ್ನು ತಿನ್ನುತ್ತದೆ. ಹೊಳಪಿನ ಆಸೆಗೆ ಬಾಡಿ ಕಳೆದುಕೊಳ್ಳಬೇಡಿ.

ಬೌಲಿನಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ನಿಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದಾದರೆ ತೂತಾಗಿದೆ. ಹಿತ್ತಾಳೆ ಫ್ಲೋಟನ್ನು ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಬರುತ್ತದೆ ಕಾಣುತ್ತದೆ. ಬೌಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವ್ ತುದಿಯಲ್ಲಿ ಗೆರೆ ಬಿದ್ದಿದ್ದರೆ ಬದಲಿಸಿ. ಪೆಟ್ರೋಲ್ ಮಟ್ಟ ಮೇಲಿದ್ದರೆ ಐಡಲ್‌ನಲ್ಲಿ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಗುಡುಗುಡು ಅನ್ನುತ್ತದೆ. ಇಂಜಿನ್ ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಆಯಿಲ್ ಬದಲಿಸದೆ ಗಾಡಿ ಓಡಿಸಬೇಡಿ.

ಐಡಲ್ ಸೆಟ್ ಮಾಡುವುದು

ನಿಮ್ಮ ಸ್ಕ್ರೂ ಯಾವ ಜಾತಿಯದು ಮೊದಲು ತಿಳಿದುಕೊಳ್ಳಿ. ಸ್ಲೈಡಿನಿಂದ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಇಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಬಿಡುವ ಸ್ಕ್ರೂ, ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಅಮಲ್, ಮಿಕುನಿ ವಿಎಂ ಎರಡರಲ್ಲೂ ಇರುವುದು ಗಾಳಿಯ ಸ್ಕ್ರೂ. ಕೆಳಗೆ ಹೇಳುವುದು ಅದಕ್ಕೇ.

1. ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಚೋಕ್ ಪೂರ್ತಿ ತೆರೆದಿರಲಿ, ಕೇಬಲ್ ಸಡಿಲಿರಲಿ, ಏರ್ ಫಿಲ್ಟರ್ ಹಾಕಿರಲಿ. ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗಿಡಿ.

2. ಸ್ಟಾಪ್ ಸ್ಕ್ರೂ ಒಳಗೆ ಹಾಕಿ ಐಡಲನ್ನು ಸ್ವಲ್ಪ ಜೋರು ಮಾಡಿ.

3. ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಂದು ಕಡೆ ತಿರುಗಿಸಿ. ಪ್ರತಿ ಸಲ ಐದಾರು ಸೆಕೆಂಡ್ ಕಾಯಿರಿ. ಇಂಜಿನ್ ಅತಿ ಜೋರಾಗಿ, ಒಂದೇ ಲಯದಲ್ಲಿ ಓಡುವ ಜಾಗ ಹುಡುಕಿ.

4. ಸ್ಟಾಪ್ ಸ್ಕ್ರೂ ಹೊರಗೆ ತಂದು ವೇಗ ಇಳಿಸಿ. ಮತ್ತೆ 3ನೆಯದು. ಹೀಗೆ ಎರಡು ಮೂರು ಸಲ.

ಎಷ್ಟಕ್ಕೆ ನಿಲ್ಲಿಸಬೇಕು? ಮ್ಯಾನುಯಲ್ ಹೇಳಿದಷ್ಟಕ್ಕೆ. ಇಲ್ಲವಾದರೆ 900ರಿಂದ 1000 ಆರ್‌ಪಿಎಂ ಆಸುಪಾಸು ಇಡಿ. ಡುಗ್... ಡುಗ್... ಅಂತ ಎಣಿಸಬಹುದಾದ ಐಡಲ್ ಕೇಳಲು ಹಿತ, ನನಗೂ ಇಷ್ಟ. ಆದರೆ ಅಷ್ಟು ನಿಧಾನದಲ್ಲಿ ಆಯಿಲ್ ಪಂಪೂ ನಿಧಾನ, ಮೇಲಿನ ರಾಕರ್‌ಗಳಿಗೆ ಆಯಿಲ್ ಸಾಲುವುದಿಲ್ಲ, ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ.

ಸ್ಕ್ರೂ ಎಲ್ಲಿಗೆ ಬಂದು ನಿಂತಿತು ಅನ್ನುವುದು ಮುಖ್ಯ. ಅರ್ಧ ಸುತ್ತಿಗಿಂತ ಕಡಿಮೆಯಲ್ಲಿ ಮಾತ್ರ ಸರಿಯಾಗಿ ಓಡುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಪೈಲಟ್ ಜೆಟ್ ಇನ್ನೂ ಅರ್ಧ ಕಟ್ಟಿದೆ, ಅಥವಾ ಗಾಳಿ ಸೋರುತ್ತಿದೆ, ಅಥವಾ ಸ್ಲೈಡ್ ಸವೆದಿದೆ. ಎರಡೂವರೆ ಸುತ್ತು ದಾಟಿದರೆ ಪೆಟ್ರೋಲ್ ಜಾಸ್ತಿ, ಫ್ಲೋಟ್ ಮಟ್ಟ ನೋಡಿ. ಎಷ್ಟು ತಿರುಗಿಸಿದರೂ ಯಾವ ವ್ಯತ್ಯಾಸವೂ ಇಲ್ಲವಾ? ಒಂದೋ ಪೈಲಟ್ ದಾರಿ ಪೂರ್ತಿ ಮುಚ್ಚಿದೆ, ಇಲ್ಲವೇ ಸ್ಟಾಪ್ ಸ್ಕ್ರೂ ಸ್ಲೈಡನ್ನು ತೀರಾ ಎತ್ತಿ ಹಿಡಿದಿದೆ, ಇಂಜಿನ್ ಪೈಲಟ್ ಬಿಟ್ಟು ಬೇರೆ ಕಡೆಯಿಂದ ಪೆಟ್ರೋಲ್ ಎಳೆಯುತ್ತಿದೆ.

ಎರಡು ಕಾರ್ಬೊರೇಟರ್ ಇರುವ ಟ್ವಿನ್ ಗಾಡಿ ಆದರೆ, ಒಂದೇ ದಪ್ಪದ ಎರಡು ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಎರಡು ಸ್ಲೈಡ್‌ಗಳ ಕೆಳಗೆ ಇಟ್ಟು ಸ್ಟಾಪ್ ಸ್ಕ್ರೂಗಳನ್ನು ಸಮ ಮಾಡಿಕೊಂಡು ಶುರು ಮಾಡಿ. ಇಂಜಿನ್ ಹಚ್ಚುವ ಮುಂಚೆ ಬಿಟ್ ತೆಗೆಯುವುದು ಮರೆಯಬೇಡಿ. ಯಾವ ಸಿಲಿಂಡರ್ ಸೋಮಾರಿ ಅಂತ ತಿಳಿಯಲು ಸೈಲೆನ್ಸರ್ ಪೈಪುಗಳ ಬುಡಕ್ಕೆ ಒಂದೊಂದು ಹನಿ ನೀರು ಹಾಕಿ. ಚುಯ್ ಅನ್ನದೆ ಸುಮ್ನೆ ಹರಿದು ಹೋದ ಕಡೆ ಕೆಲಸ ನಡೆಯುತ್ತಿಲ್ಲ.

ಸವೆತವೇ ಹೌದಾ

ಇಲ್ಲಿವರೆಗೆ ಎಲ್ಲ ಮಾಡಿದ ಮೇಲೂ ಐಡಲ್ ಕೂರದಿದ್ದರೆ ಈಗ ಸ್ಲೈಡಿನ ಕಡೆ ನೋಡೋಣ. ಪ್ರತಿ ಸಲ ಇಂಜಿನ್ ಉಸಿರೆಳೆದಾಗ ಸ್ಲೈಡ್ ಇಂಜಿನ್ ಕಡೆಗೆ ಸೆಳೆದುಕೊಂಡು ಬಾಡಿಯ ಗೋಡೆಗೆ ಉಜ್ಜುತ್ತದೆ. ಅದರ ಮೇಲೆ ನಡುಕ, ಧೂಳು. ಫಿಲ್ಟರ್ ಕಿತ್ತು ಬಾಯಿ ತೆರೆದು ಓಡಿಸಿದ ಗಾಡಿಗಳ ಸ್ಲೈಡ್ ಬೇಗ ಹೋಗುತ್ತದೆ. ಹಳೆ ಅಮಲ್‌ನಲ್ಲಂತೂ ಸ್ಲೈಡೂ ಜಿಂಕ್, ಬಾಡಿಯೂ ಜಿಂಕ್. ಒಂದೇ ಲೋಹ ಒಂದಕ್ಕೊಂದು ಉಜ್ಜಿದರೆ ಎರಡೂ ತಿನ್ನುತ್ತವೆ. ಸವೆದ ಸಂದಿನಲ್ಲಿ ನುಗ್ಗುವ ಗಾಳಿಗೆ ಯಾವ ಸ್ಕ್ರೂವೂ ಕಡಿವಾಣ ಹಾಕಲಾರದು.

ಓಡುವಾಗಿನ ಗುರುತು ಇದು: ಹತ್ತು ಸಲ ಆಕ್ಸಲರೇಟರ್ ತಿರುಗಿಸಿ ಬಿಡಿ. ಪ್ರತಿ ಸಲವೂ ಐಡಲ್ ಬೇರೆ ಬೇರೆ ವೇಗಕ್ಕೆ ಬಂದು ನಿಂತರೆ, ಕೇಬಲ್ಲೂ ಅಡ್ವಾನ್ಸ್ ತೂಕಗಳೂ ಸರಿಯಿದ್ದರೆ, ಸ್ಲೈಡ್ ಪ್ರತಿ ಸಲ ಬೇರೆ ಥರ ವಾಲಿಕೊಂಡು ಕೂರುತ್ತಿದೆ. ಮುಚ್ಚಿದ ಆಕ್ಸಲರೇಟರ್‌ನಲ್ಲೇ ಕಾರ್ಬೊರೇಟರ್‌ನಿಂದ ಟಿಕ್ ಟಿಕ್ ಸದ್ದು ಕೇಳಿದರೂ ಅದೇ.

ಆಮೇಲೆ ಬಿಚ್ಚಿ. ಸ್ಲೈಡ್, ಬಾಡಿ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಇದ್ದರೆ ಸವೆತ ಮುಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲದೆ ಸ್ಲೈಡನ್ನು ಐಡಲ್ ಎತ್ತರಕ್ಕೆ ಇಳಿಸಿ, ಹಿಂದೆ ಮುಂದೆ ಅಲ್ಲಾಡಿಸಿ. ಸ್ವಲ್ಪ ಆಡುವುದು ಸಹಜ, ಆಡದಿದ್ದರೆ ಸಿಕ್ಕಿಕೊಳ್ಳುತ್ತದೆ. ನನ್ನ ಲೆಕ್ಕ ಹೀಗೆ: 0.1 ಮಿ.ಮೀ. ಫೀಲರ್ ಗೇಜ್ ಬಿಗಿಯಾಗಿ ಹೋದರೆ ಚಿಂತೆಯಿಲ್ಲ. 0.2 ಮಿ.ಮೀ. ಸಲೀಸಾಗಿ ನುಗ್ಗಿದರೆ ಆಯಸ್ಸು ಮುಗಿದಿದೆ. ಸ್ಲೈಡಿನ ಇಂಜಿನ್ ಕಡೆಯ ಮೈ ಹೊಳೆಯುತ್ತಿದೆಯಾ, ಉಗುರು ಎಳೆದರೆ ಮೆಟ್ಟಿಲು ಸಿಗುತ್ತಾ? ವರ್ನಿಯರ್‌ನಲ್ಲಿ ಹಿಂದೆ-ಮುಂದಿನ ಅಳತೆ ಒಂದು, ಪಕ್ಕದ ಅಳತೆ ಒಂದು ತೆಗೆದುಕೊಳ್ಳಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ. ಸ್ಟಾಪ್ ಸ್ಕ್ರೂ ತಾಗುವ ಜಾಗದಲ್ಲಿ ಗುಳಿ ಬಿದ್ದಿದ್ದರೂ ಐಡಲ್ ಒಂದು ಕಡೆ ನಿಲ್ಲುವುದಿಲ್ಲ.

ನೀಡಲ್ ಜೆಟ್ ಸವೆತದ ಲಕ್ಷಣ ಬೇರೆ. ನೀಡಲ್ ನಡುಗುತ್ತಾ ಜೆಟ್‌ನ ಗುಂಡನೆಯ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಆಗ ಕಾಲು ಆಕ್ಸಲರೇಟರ್‌ನಿಂದ ಮುಕ್ಕಾಲರವರೆಗೆ ಪೆಟ್ರೋಲ್ ಜಾಸ್ತಿ, ಮೈಲೇಜ್ ಇಳಿಯುತ್ತದೆ, ಪ್ಲಗ್ ಕಪ್ಪು. ಇದನ್ನು ಏರ್ ಸ್ಕ್ರೂನಿಂದ ಸರಿಪಡಿಸಲು ಹೋಗಿ ಐಡಲ್ ಕೆಡಿಸಿಕೊಂಡವರು ಬಹಳ. ಬಹಳಷ್ಟು ಫೋರ್ ಸ್ಟ್ರೋಕ್ ಅಮಲ್‌ಗಳಲ್ಲಿ ಈ ಜೆಟ್ 0.106 ಇಂಚಿನದು, ಮೈಮೇಲೆ 106 ಅಂತ ಬರೆದಿರುತ್ತದೆ. ಸವೆತ ಬರಿಗಣ್ಣಿಗೆ ಕಾಣುವುದಿಲ್ಲ. ಎಷ್ಟು ಓಡಿದೆ ಗೊತ್ತಿಲ್ಲದ ಕಾರ್ಬೊರೇಟರ್ ಆದರೆ ಜೆಟ್, ನೀಡಲ್ ಎರಡನ್ನೂ ಒಟ್ಟಿಗೇ ಬದಲಿಸಿಬಿಡಿ.

ಸವೆದದ್ದೇ ಹೌದಾದರೆ

ಹೊಸ ಸ್ಲೈಡ್ ಹಾಕುವುದು ಮೊದಲ ದಾರಿ. ಹಾರ್ಡ್ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಸ್ಲೈಡ್, ಕ್ರೋಮ್ ಹಾಕಿದ ಹಿತ್ತಾಳೆ ಸ್ಲೈಡ್ ಸಿಗುತ್ತವೆ. ಜಿಂಕ್‌ಗಿಂತ ಎರಡೂ ಬಾಳಿಕೆ. ಕಟ್‌ಅವೇ ನಂಬರ್ ಹಳೆಯದರದ್ದೇ ಇರಲಿ. ಅಮಲ್‌ನಲ್ಲಿ 3 ಅಂದರೆ ಮುಂದಿನ ಅಂಚು 3/16 ಇಂಚು ಕತ್ತರಿಸಿದೆ ಅಂತ. ನಂಬರ್ ಕಡಿಮೆಯಾದರೆ ಐಡಲ್‌ನಿಂದ ಏಳುವಾಗ ಪೆಟ್ರೋಲ್ ಜಾಸ್ತಿಯಾಗುತ್ತದೆ. ಬಾಡಿಯೂ ಸವೆದಿದ್ದರೆ ಹೊಸ ಸ್ಲೈಡ್ ಅರ್ಧ ಪರಿಹಾರ ಅಷ್ಟೇ.

ಎರಡನೆಯದು, ಬಾಡಿಯನ್ನು ಬೋರ್ ಮಾಡಿಸಿ (ಕೊರೆದು ಅಗಲ ಮಾಡಿಸಿ) ಒಳಗೆ ಸ್ಲೀವ್, ಅಂದರೆ ತೆಳು ಕೊಳವೆ, ಹಾಕಿಸುವುದು, ಅಥವಾ ಬೋರ್ ಮಾಡಿಸಿ ದಪ್ಪ ಸ್ಲೈಡ್ ಮಾಡಿಸುವುದು. ಇದು ಲೇತ್ ಇರುವ ಎಲ್ಲರ ಕೆಲಸವಲ್ಲ. ಸ್ಲೀವ್‌ನಲ್ಲಿ ಆ ಎರಡು ಸೂಜಿತೂತುಗಳು ಹಳೆ ಜಾಗಕ್ಕೇ ಸರಿಯಾಗಿ ಬರಬೇಕು. ಹಿಂದೆ ಕಾರ್ಬೊರೇಟರ್ ಸ್ಲೀವ್ ಮಾಡಿದವರ ಹತ್ತಿರ ಮಾತ್ರ ಕೊಡಿ. ಸ್ಲೈಡ್ ಮೇಲೆ ಸೋಲ್ಡರ್ ಹಚ್ಚುವುದು, ಪಂಚ್ ಹೊಡೆದು ಉಬ್ಬಿಸುವುದು, ಗ್ರೀಸ್ ಬಳಿಯುವುದು ಇವೆಲ್ಲ ನಾಲ್ಕು ದಿನದ ಆಟ. ಗ್ರೀಸ್ ಧೂಳು ಹಿಡಿದು ಎಮರಿ ಪೇಸ್ಟ್ ಆಗುತ್ತದೆ.

ಮೂರನೆಯದು ಹೊಸ ಕಾರ್ಬೊರೇಟರ್. ಅಮಲ್ ಈಗಲೂ ಹೊಸದಾಗಿ ತಯಾರಾಗುತ್ತಿದೆ. ಕಾನ್ಸೆಂಟ್ರಿಕ್‌ನ ಪ್ರೀಮಿಯರ್ ಮಾದರಿಯಲ್ಲಿ ಹಾರ್ಡ್ ಆನೊಡೈಸ್ ಸ್ಲೈಡ್ ಇದೆ, ಪೈಲಟ್ ಜೆಟ್ಟನ್ನು ಬಿಚ್ಚಲೂಬಹುದು. ಬಾಡಿ ಬಾಗಿ, ಬೋರ್ ಸವೆದು, ಸ್ಕ್ರೂ ಕೂರುವ ಜಾಗವೂ ಹಾಳಾಗಿದ್ದರೆ ನಾನು ರಿಪೇರಿಗೆ ಹೋಗುವುದಿಲ್ಲ, ನೇರ ಹೊಸದಕ್ಕೆ ಹೋಗುತ್ತೇನೆ. ಹಳೆಯದನ್ನು ಎಸೆಯಬೇಡಿ, ಗಾಡಿಯ ಜೊತೆ ಬಂದದ್ದು ಅದು. ಪೆಟ್ಟಿಗೆಯಲ್ಲಿಡಿ.

ಹೊಸ ಸ್ಲೈಡ್ ಹಾಕಿದ ದಿನ ಇಂಜಿನ್ ಆಫ್ ಇರುವಾಗ ಆಕ್ಸಲರೇಟರ್ ಪೂರ್ತಿ ತಿರುಗಿಸಿ ಬಿಟ್ಟು ನೋಡಿ. ಟಪ್ ಅಂತ ಸ್ಲೈಡ್ ಕೆಳಗೆ ಬಡಿಯಬೇಕು. ತಡೆದರೆ ಹಾಗೇ ರಸ್ತೆಗೆ ಇಳಿಸಬೇಡಿ. ಇನ್ನೂರು ಕಿ.ಮೀ. ಓಡಿದ ಮೇಲೆ ಫ್ಲೇಂಜ್ ನಟ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ, ಐಡಲ್ ಮತ್ತೆ ಸೆಟ್ ಮಾಡಿ. ಏರ್ ಸ್ಕ್ರೂ ಎಷ್ಟು ಸುತ್ತಿನಲ್ಲಿ ನಿಂತಿತು ಅನ್ನುವುದನ್ನು ಸೀಟಿನಡಿ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.